ಬಡಾವಣೆಯಿಂದ ಶಾಲೆಗೆ ಒಂದು ಸೈಕಲ್ ಸಾಲು

ಬೆಂಗಳೂರಿನಲ್ಲಿ ಸೈಕಲ್ ಉತ್ಸಾಹಕ್ಕೆ ಬರವಿಲ್ಲ. 2013ರಲ್ಲಿ ಶುರುವಾದ ಸೈಕಲ್ ದಿನಗಳಿಗೆ ಭಾನುವಾರ ಬೆಳಗ್ಗೆ ರಸ್ತೆ ಮುಚ್ಚಿದರೆ ಸಾಕು, ಮಕ್ಕಳು ತುಂಬಿ ತುಳುಕುತ್ತಾರೆ. ಸೋಮವಾರ ಅದೇ ಮಕ್ಕಳು ಎರಡು ಕಿಲೋಮೀಟರ್ ದೂರದ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಾರೆ. ಮನೆಯಲ್ಲಿ ಸೈಕಲ್ ಇಲ್ಲ ಎಂದಲ್ಲ. ಆ ಎರಡು ಕಿಲೋಮೀಟರಿನಲ್ಲಿ ಅಪ್ಪ ಅಮ್ಮನಿಗೆ ಧೈರ್ಯ ಸಾಲದ ಎರಡೋ ಮೂರೋ ಜಾಗಗಳಿರುತ್ತವೆ, ಅಷ್ಟೇ. ನಿವಾಸಿಗಳ ಸಂಘಕ್ಕೆ ಸೈಕಲ್ ವಿಷಯದಲ್ಲಿ ನಿಜವಾಗಿ ಏನಾದರೂ ಮಾಡುವ ಮನಸ್ಸಿದ್ದರೆ ಟೀ ಶರ್ಟು, ಬ್ಯಾನರುಗಳ ದುಡ್ಡು ಉಳಿಸಿ ಆ ಎರಡು ಮೂರು ಜಾಗಗಳ ಬೆನ್ನು ಹತ್ತಬೇಕು. ಅವು ಸರಿಯಾದ ಮೇಲೆ ಹತ್ತು ಹನ್ನೆರಡು ಮಕ್ಕಳನ್ನು ಸಾಲುಕಟ್ಟಿ ಶಾಲೆಗೆ ಕರೆದೊಯ್ಯುವುದು ಕಷ್ಟದ ಕೆಲಸವಲ್ಲ. ಸ್ಪೇನಿನ ಬಾರ್ಸಿಲೋನಾದಲ್ಲಿ ಪೋಷಕರು ಇದನ್ನೇ ಮಾಡಿ ಹೆಸರಾದರು. ನಮ್ಮ ರಸ್ತೆಗಳಿಗೆ ಲೆಕ್ಕಾಚಾರ ಮಾತ್ರ ಬೇರೆ.

ಮೊದಲು ದಾರಿ ಆರಿಸಬೇಕು. ಫೋನಿನ ನಕ್ಷೆ ತೋರಿಸುವ ಹತ್ತಿರದ ದಾರಿ ಸಾಮಾನ್ಯವಾಗಿ ಮುಖ್ಯರಸ್ತೆಯದ್ದೇ ಆಗಿರುತ್ತದೆ. ನಮಗೆ ಬೇಕಾದದ್ದು ಅಡ್ಡರಸ್ತೆಗಳ ದಾರಿ. ಮುನ್ನೂರು ಮೀಟರ್ ಸುತ್ತಾದರೂ ಚಿಂತೆಯಿಲ್ಲ, ಸೈಕಲ್ಲಿಗೆ ಅದು ಎರಡು ನಿಮಿಷದ ಮಾತು. ಆರಿಸಿದ ದಾರಿಯನ್ನು ಶಾಲೆ ಶುರುವಾಗುವ ಹೊತ್ತಿಗೇ, ಕೆಲಸದ ದಿನವೇ ನಡೆದು ನೋಡಿ. ಭಾನುವಾರ ಕಾಣುವುದು ಬೇರೆಯೇ ರಸ್ತೆ. ಕೈಯಲ್ಲಿ ಅಳತೆ ಟೇಪು, ಸೀಮೆಸುಣ್ಣ, ಫೋನು ಇದ್ದರೆ ಸಾಕು.

ಸೈಕಲ್ಲನ್ನು ಬೀಳಿಸುವ ವಸ್ತುಗಳು ಕಾರಿನವರ ಕಣ್ಣಿಗೆ ಬೀಳುವುದಿಲ್ಲ. ಚರಂಡಿಯ ಕಬ್ಬಿಣದ ಜಾಲರಿಯ ಸಂದುಗಳು ಸಂಚಾರದ ದಿಕ್ಕಿಗೇ ಉದ್ದವಾಗಿದ್ದರೆ ಮುಂದಿನ ಚಕ್ರ ನೇರ ಒಳಗೆ ಇಳಿಯುತ್ತದೆ. ಜಾಲರಿಯನ್ನು ಅಡ್ಡ ತಿರುಗಿಸಿ ಕೂರಿಸಿದರೆ ಅಪಾಯ ಮುಗಿಯಿತು. ಚೌಕ ಜಾಲರಿಯಾದರೆ ಇದಕ್ಕೆ ಖರ್ಚೂ ಇಲ್ಲ. ಡಾಂಬರಿನ ಪದರದ ಮೇಲೆ ಪದರ ಹಾಕಿದ ರಸ್ತೆಯ ಅಂಚಿನಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಮೆಟ್ಟಿಲು ಎದ್ದಿರುತ್ತದೆ. ಕೇಬಲ್ಲಿಗೋ ಪೈಪಿಗೋ ಅಗೆದು ಮಣ್ಣು ಮುಚ್ಚಿದ ಕಾಲುವೆ ಮೊದಲ ಮಳೆಗೇ ಕುಸಿದಿರುತ್ತದೆ. ಇವೆರಡೂ ರಸ್ತೆಯ ಉದ್ದಕ್ಕೇ ಇರುವುದರಿಂದ ಚಕ್ರ ಓರೆಯಾಗಿ ತಾಗಿ ಜಾರುತ್ತದೆ. ಅಂಥ ಅಂಚನ್ನು ದಾಟಲೇಬೇಕಾದರೆ ವೇಗ ಇಳಿಸಿ, ಹ್ಯಾಂಡಲ್ ತಿರುಗಿಸಿ, ಆದಷ್ಟು ನೇರ ಅಡ್ಡವಾಗಿ ದಾಟುವುದನ್ನು ಮಕ್ಕಳಿಗೆ ಮೊದಲೇ ಮಾಡಿಸಿ ಕಲಿಸಬೇಕು. ನೀರು ನಿಂತ ಗುಂಡಿಯ ಆಳ ಯಾರಿಗೂ ಗೊತ್ತಿರುವುದಿಲ್ಲ, ಅದರ ಮೇಲೆ ಹೋಗುವಂತಿಲ್ಲ.

ಆಮೇಲೆ ವೇಗ. ಇದನ್ನು ಅಂದಾಜಿನಲ್ಲಿ ಹೇಳಿದರೆ ಯಾವ ಅಧಿಕಾರಿಯೂ ಕಿವಿಗೊಡುವುದಿಲ್ಲ, ಆದರೆ ಅಳೆಯುವುದು ಸುಲಭ. ರಸ್ತೆಯ ಅಂಚಿನಲ್ಲಿ 50 ಮೀಟರ್ ಅಳೆದು ಎರಡೂ ತುದಿಗೆ ಗೆರೆ ಎಳೆಯಿರಿ. ವಾಹನ ಮೊದಲ ಗೆರೆ ದಾಟಿದಾಗ ಒಬ್ಬರು ಕೈ ಬೀಸಲಿ, ಎರಡನೆಯ ಗೆರೆಯ ಬಳಿ ನಿಂತವರು ಫೋನಿನ ಸ್ಟಾಪ್‌ವಾಚ್ ಒತ್ತಲಿ. 6 ಸೆಕೆಂಡು ತೆಗೆದುಕೊಂಡರೆ ವೇಗ ಗಂಟೆಗೆ 30 ಕಿ.ಮೀ., 4.5 ಸೆಕೆಂಡಾದರೆ 40, 3.6 ಆದರೆ 50. ನೂರು ವಾಹನ ಅಳೆದು, ಅತಿ ವೇಗದ್ದು ಮೇಲೆ ಬರುವಂತೆ ಕ್ರಮವಾಗಿ ಬರೆದುಕೊಳ್ಳಿ. ಮೇಲಿನಿಂದ ಹದಿನೈದನೆಯ ವಾಹನದ ವೇಗವೇ ನಿಮ್ಮ ಅರ್ಜಿಗೆ ಬೇಕಾದ ಅಂಕಿ. ಸಂಚಾರ ಇಂಜಿನಿಯರುಗಳು ನೋಡುವುದೂ ಸರಾಸರಿಗಿಂತ ಹೆಚ್ಚಾಗಿ ಇದನ್ನೇ. ಅಳೆಯುವವರು ಹಳದಿ ಜಾಕೆಟ್ ತೊಟ್ಟು ರಸ್ತೆ ಮಧ್ಯೆ ನಿಂತರೆ ಎಲ್ಲರೂ ನಿಧಾನಿಸಿಬಿಡುತ್ತಾರೆ. ಮರದ ಮರೆಯೇ ಒಳ್ಳೆಯದು.

30ಕ್ಕೂ 50ಕ್ಕೂ ಏನು ಮಹಾ ವ್ಯತ್ಯಾಸ ಎನ್ನುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. 30ರ ಕಾರು ಸೆಕೆಂಡಿಗೆ 8.3 ಮೀಟರ್ ಓಡುತ್ತದೆ, 50ರದ್ದು 13.9 ಮೀಟರ್. ಚಾಲಕ ಮಗುವನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡು ಹಿಡಿಯಿರಿ. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ 30ರ ಕಾರು ಆಮೇಲೆ ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ, ಒಟ್ಟು 13 ಮೀಟರ್ ಚಿಲ್ಲರೆ. 50ರ ಕಾರಿನವನು ಅಷ್ಟು ದೂರ ಬಂದಾಗ ಇನ್ನೂ ಬ್ರೇಕನ್ನೇ ಮುಟ್ಟಿರುವುದಿಲ್ಲ.

ವೇಗ ಹೆಚ್ಚೆಂದು ಗೊತ್ತಾದೊಡನೆ ಬಡಾವಣೆಯವರು ಮಾಡುವ ಮೊದಲ ಕೆಲಸ ಮನೆ ಕಟ್ಟಿ ಮಿಕ್ಕ ಕಾಂಕ್ರೀಟಿನಲ್ಲಿ ರಾತ್ರೋರಾತ್ರಿ ಹಂಪ್ ಎಬ್ಬಿಸುವುದು. ದಯವಿಟ್ಟು ಬೇಡ. ಒಂದಡಿ ಅಗಲ, ಆರಿಂಚು ಎತ್ತರದ ಆ ದಿಣ್ಣೆ ಕಾರಿಗೆ ಕಿರಿಕಿರಿ, ಸ್ಕೂಟರಿನ ಹಿಂದೆ ಕೂತವರಿಗೆ ಮತ್ತು ಸೈಕಲ್ಲಿನವರಿಗೆ ಅಪಾಯ. ಬಣ್ಣ ಬಳಿಯದಿದ್ದರೆ ರಾತ್ರಿ ಕಾಣುವುದೂ ಇಲ್ಲ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಮಾರ್ಗಸೂಚಿ ಹೇಳುವ ದುಂಡು ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಸುಮಾರು 25 ಕಿ.ಮೀ. ವೇಗದಲ್ಲಿ ಅದನ್ನು ನೆಮ್ಮದಿಯಾಗಿ ದಾಟಬಹುದು, ಅದಕ್ಕಿಂತ ಜೋರಾದರೆ ಕುಲುಕುತ್ತದೆ. ಮಳೆನೀರು ಹರಿಯಲೆಂದು ಎರಡೂ ಅಂಚಿನಲ್ಲಿ ಬಿಡುವ ಸಂದು ಕಿರಿದಾಗಿರಬೇಕು. ಮೀಟರ್ ಅಗಲ ಬಿಟ್ಟರೆ ಬೈಕಿನವರೆಲ್ಲ ಅಲ್ಲೇ ನುಸುಳುತ್ತಾರೆ, ನಮ್ಮ ಮಕ್ಕಳ ಸೈಕಲ್ ಇರುವುದೂ ಅಲ್ಲೇ.

ಅಡ್ಡರಸ್ತೆಗಳ ಮೂಲೆ ಇದಕ್ಕಿಂತ ಮುಖ್ಯ ಎನ್ನುವುದು ನಮ್ಮ ಅಭಿಪ್ರಾಯ. ಮೂವತ್ತಡಿ ರಸ್ತೆ ಎಂದರೆ 9 ಮೀಟರ್ ಚಿಲ್ಲರೆ. ಎರಡೂ ಬದಿ ಕಾರು ನಿಂತರೆ ಉಳಿಯುವುದು ಐದೂವರೆ. ಆ ಕಾರುಗಳು ಮೂಲೆಯ ತನಕ ನಿಂತಿದ್ದರೆ, ಅಡ್ಡರಸ್ತೆಯಿಂದ ಬರುವ ಮಗುವಿನ ತಲೆ ಬಾನೆಟ್ಟಿನ ಆಚೆ ಕಾಣುವಷ್ಟರಲ್ಲಿ ಅದರ ಸೈಕಲ್ಲಿನ ಮುಂದಿನ ಚಕ್ರ ರಸ್ತೆಯಲ್ಲಿರುತ್ತದೆ. ಪ್ರತಿ ಮೂಲೆಯಿಂದ 5 ಮೀಟರ್, ಅಂದರೆ ಒಂದು ಕಾರಿನ ಉದ್ದ, ಖಾಲಿ ಬಿಡಿಸಿದರೆ ನೋಟ ತೆರೆದುಕೊಳ್ಳುತ್ತದೆ. ಮೂಲೆಮನೆಯವರ ಮನವೊಲಿಸುವುದೇ ಇಲ್ಲಿ ನಿಜವಾದ ಕೆಲಸ. ಬಣ್ಣ ಮತ್ತು ಎರಡು ಕಂಬ ಆಮೇಲೆ. ಮಂಡಿಯೆತ್ತರದ ಗಿಡವಾದರೆ ಸರಿ, ಸೊಂಟ ಮೀರಿ ಬೆಳೆಯುವ ದಾಸವಾಳ ಇಟ್ಟರೆ ಕಾರಿನ ಬದಲು ಗಿಡ ಮರೆಮಾಡಿದಂತೆ.

ಬಣ್ಣ, ಕಂಬಗಳ ಮೇಲೆ ಭಾರೀ ನಂಬಿಕೆಯೂ ಬೇಡ. ಜಯನಗರದಲ್ಲಿ ಗುರುತು ಹಾಕಿದ್ದ ಸೈಕಲ್ ಪಥಗಳು ವಾಹನ ನಿಲುಗಡೆಯ ಜಾಗವಾದವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಬೇರ್ಪಡಿಸಿದ ಪಥಕ್ಕೂ ದ್ವಿಚಕ್ರ ವಾಹನಗಳು ನುಗ್ಗಿದವು, ಕಂಬಗಳು ಮುರಿದವು. ಸೈಕಲ್ ಬಿಟ್ಟು ಸ್ಕೂಟರ್ ತಡೆಯುವ ಕಂಬ ಇನ್ನೂ ಹುಟ್ಟಿಲ್ಲ. ಗಾಲಿಕುರ್ಚಿಗೂ ದಾರಿ ಬೇಕಾದ್ದರಿಂದ ಕಂಬಗಳ ನಡುವೆ ಕನಿಷ್ಠ 1.2 ಮೀಟರ್ ಬಿಡಲೇಬೇಕು. ಅದರಲ್ಲಿ ಯಾವ ಸ್ಕೂಟರಾದರೂ ತೂರುತ್ತದೆ. ಹಾಗಾಗಿ ಬಡಾವಣೆಯೊಳಗೆ ಪ್ರತ್ಯೇಕ ಪಥ ಕೇಳುವುದಕ್ಕಿಂತ ಎಲ್ಲರ ವೇಗ ಇಳಿಸುವುದು ಲಾಭ.

ಅರ್ಜಿ ಬರೆಯುವಾಗ ಒಂದು ಕಾಗದಕ್ಕೆ ಒಂದೇ ಸಮಸ್ಯೆ. ಹತ್ತು ಬೇಡಿಕೆ ಪೋಣಿಸಿದ ಮನವಿಪತ್ರಕ್ಕೆ ಹಾರ ತುರಾಯಿ ಸಿಗಬಹುದು, ಕೆಲಸದ ಆದೇಶ ಸಿಗುವುದಿಲ್ಲ. ಟೇಪು ಹಿಡಿದ ಫೋಟೊ, ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ, ಅಡ್ಡರಸ್ತೆಯ ಹೆಸರು, ಏನು ಮಾಡಬೇಕೆಂಬ ಒಂದು ಸಾಲು: ‘ಜಾಲರಿ ಅಡ್ಡ ತಿರುಗಿಸುವುದು’ ಎಂಬಷ್ಟು ಸ್ಪಷ್ಟವಾಗಿ. ಗುಂಡಿ, ಜಾಲರಿ, ಹಂಪ್ ಕಟ್ಟುವ ಕೆಲಸ ಪಾಲಿಕೆಯ ವಾರ್ಡ್ ಇಂಜಿನಿಯರದ್ದು. ಏಕಮುಖ ಸಂಚಾರ, ನಿಲುಗಡೆ ನಿಷೇಧ ಸಂಚಾರ ಪೊಲೀಸರದ್ದು. ಹಂಪ್ ವಿಷಯದಲ್ಲಿ ಇಬ್ಬರಿಗೂ ಪ್ರತಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮಿನ ಪ್ರಕಾರ ರಸ್ತೆಯ ವಿನ್ಯಾಸ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಇದನ್ನು ಬೆದರಿಕೆಯಂತೆ ಬರೆಯಬೇಡಿ, ಕೊನೆಯ ಸಾಲಿನಲ್ಲಿ ನೆನಪಿಸಿದರೆ ಸಾಕು.

ಇನ್ನು ಸೈಕಲ್. ‘ಹೇಗೂ ಬೆಳೀತಾನಲ್ಲ’ ಎಂದು ದೊಡ್ಡ ಸೈಕಲ್ ಕೊಡಿಸುವ ಅಪ್ಪಂದಿರಿಗೆ ಒಂದು ಪರೀಕ್ಷೆ: ಮಗು ನಡುಕಂಬಿಯ ಎರಡೂ ಬದಿ ಕಾಲೂರಿ ನಿಂತಾಗ ಕಂಬಿಗೂ ದೇಹಕ್ಕೂ ಎರಡು ಮೂರು ಸೆಂಟಿಮೀಟರಾದರೂ ಅಂತರ ಇರಬೇಕು. ಇಲ್ಲದಿದ್ದರೆ ತಟ್ಟನೆ ನಿಲ್ಲಬೇಕಾದಾಗ ಕಾಲು ನೆಲಕ್ಕೆ ಸಿಗುವುದಿಲ್ಲ. ಬ್ರೇಕ್ ಲಿವರನ್ನು ಪೂರ್ತಿ ಒತ್ತಿದಾಗಲೂ ಹ್ಯಾಂಡಲ್ಲಿಗೂ ಅದಕ್ಕೂ ನಡುವೆ ಎರಡು ಬೆರಳು ಜಾಗ ಉಳಿಯಬೇಕು; ಉಳಿಯದಿದ್ದರೆ ಕೇಬಲ್ ಸಡಿಲವಾಗಿದೆ ಅಥವಾ ಬ್ರೇಕ್ ಕಟ್ಟೆ ಸವೆದಿದೆ. ಮಳೆಯಲ್ಲಿ ಒದ್ದೆ ರಿಮ್ಮನ್ನು ಕಟ್ಟೆ ಕೂಡಲೇ ಹಿಡಿಯುವುದಿಲ್ಲ. ನಿಲ್ಲುವ ಜಾಗಕ್ಕೆ ಬಲು ಮುಂಚೆಯೇ ಹಗುರವಾಗಿ ಒತ್ತಿ ನೀರು ಒರೆಸಿಕೊಳ್ಳಬೇಕು.

ಗಾಳಿ ಎಷ್ಟೆಂದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ವಾರಕ್ಕೊಮ್ಮೆ ನೋಡಿ. ಗಾಳಿ ನಿಧಾನ ಇಳಿಯುತ್ತಿದ್ದರೆ ಪಂಕ್ಚರ್ ಎಂದೇ ತೀರ್ಮಾನಿಸಬೇಡಿ. ಹಳೇ ಮಾದರಿಯ ವಾಲ್ವಿನಲ್ಲಿ ಎಳೆಯ ರಬ್ಬರ್ ಕೊಳವೆಯೊಂದಿರುತ್ತದೆ, ಅದು ಬಿರುಕು ಬಿಟ್ಟರೂ ಹೀಗೇ ಆಗುತ್ತದೆ. ಕೆಲವೇ ರೂಪಾಯಿಯ ಸಾಮಾನು. ಬೆನ್ನಿಗೆ ಐದಾರು ಕೆ.ಜಿ. ಪುಸ್ತಕದ ಚೀಲ ಇದ್ದರೆ ತಿರುವಿನಲ್ಲಿ ಮಗು ತೂಗಾಡುತ್ತದೆ, ಆದ್ದರಿಂದ ಚೀಲ ಕ್ಯಾರಿಯರ್ ಮೇಲೆ. ಹಳೇ ಟ್ಯೂಬಿನ ಪಟ್ಟಿಯಲ್ಲಿ ಬಿಗಿದು, ಉಳಿದ ತುದಿಯನ್ನು ಒಳಗೆ ಸಿಕ್ಕಿಸಿ. ನೇತಾಡುವ ತುದಿ ಕಡ್ಡಿಗಳಿಗೆ ಸುತ್ತಿಕೊಳ್ಳುತ್ತದೆ. ದುಪಟ್ಟಾಕ್ಕೂ ಶೂ ದಾರಕ್ಕೂ ಇದೇ ಮಾತು. ಹೆಲ್ಮೆಟ್ ಹುಬ್ಬಿನ ಮೇಲೆ ಎರಡು ಬೆರಳಿಗೆ ಕೂರಬೇಕು, ಗಲ್ಲದ ಪಟ್ಟಿಯೊಳಗೆ ಒಂದು ಬೆರಳು ಮಾತ್ರ ಹೋಗಬೇಕು. ಹಿಂದಕ್ಕೆ ಟೋಪಿಯ ಹಾಗೆ ಹಾಕಿದರೆ ಹಣೆ ಬಯಲು.

ಸಾಲಿನ ಲೆಕ್ಕ ಹೀಗೆ: ಮುಂದೊಬ್ಬರು, ಹಿಂದೊಬ್ಬರು, ಜೊತೆಗೆ ನಾಲ್ಕೈದು ಮಕ್ಕಳಿಗೆ ಒಬ್ಬ ದೊಡ್ಡವರು. ಮುಂದಿನವರ ವೇಗ ಅತಿ ಚಿಕ್ಕ ಮಗುವಿನದ್ದೇ ಆಗಿರಬೇಕು, ಗಂಟೆಗೆ 10 ಕಿ.ಮೀ. ಸಾಕು, ಎರಡು ಕಿಲೋಮೀಟರಿಗೆ ನಿಲುಗಡೆ ಸೇರಿ ಹದಿನೈದು ನಿಮಿಷ. ಹಿಂದಿನವರಿಗೆ ಯಾರನ್ನೂ ಹಿಂದೆ ಬಿಡದಿರುವುದೊಂದೇ ಕೆಲಸ. ಎಲ್ಲಿ ಎಷ್ಟು ಗಂಟೆಗೆ ಎಂಬ ಪಟ್ಟಿ ವಾಟ್ಸಾಪಿನಲ್ಲಿರಲಿ, ಒಂದು ನಿಮಿಷಕ್ಕಿಂತ ಹೆಚ್ಚು ಯಾರಿಗೂ ಕಾಯುವುದು ಬೇಡ. ಒಬ್ಬರಿಗೆ ಐದು ನಿಮಿಷ ಕಾದರೆ ಮುಂದಿನ ವಾರ ಎಲ್ಲರೂ ಐದು ನಿಮಿಷ ತಡ. ಮೊದಲು ವಾರಕ್ಕೊಂದೇ ದಿನ ಸಾಕು. ದಿನಾ ಮಾಡುತ್ತೇವೆಂದು ಹೊರಟವು ಪರೀಕ್ಷೆ ಬರುವಷ್ಟರಲ್ಲಿ ನಿಂತುಹೋಗುತ್ತವೆ.

ನಿಂತ ಕಾರುಗಳಿಂದ ಒಂದು ಮೀಟರ್ ದೂರ, ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ರಸ್ತೆ ಕಿರಿದಾಗಿದ್ದರೆ ಸಾಲು ನಡುವೆಯೇ ಹೋಗಲಿ. ಅಂಚಿಗೆ ಸರಿದು ಜಾಗ ಬಿಟ್ಟರೆ, ಜಾಗವಿಲ್ಲದಲ್ಲೂ ಹಿಂದಿನವರು ನುಗ್ಗುತ್ತಾರೆ. ನೀರಿನ ಟ್ಯಾಂಕರು, ಬಸ್ಸು, ಕಾಂಕ್ರೀಟ್ ಲಾರಿಗಳ ಎಡಗಡೆಗೆ ಯಾವ ಕಾರಣಕ್ಕೂ ನುಸುಳಬಾರದು. ಚಾಲಕ ಕೂರುವುದು ಬಲಕ್ಕೆ. ಎಡ ಮುಂಬದಿಯ ಮೂಲೆಯಲ್ಲಿರುವ ಸೈಕಲ್ ಅವನಿಗೆ ಕಾಣುವುದೇ ಇಲ್ಲ, ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಇನ್ನೂ ಒಳಗೆ ಎಳೆಯುತ್ತದೆ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯುವ ಬದಲು ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯುವುದು.

ಮುಖ್ಯರಸ್ತೆ ದಾಟುವಾಗ ಎಲ್ಲರೂ ಇಳಿದು ತಳ್ಳಬೇಕು. ಒಬ್ಬರ ಹಿಂದೊಬ್ಬರು ಹೋಗುವುದು ಇಲ್ಲಿ ತಪ್ಪು. ಹನ್ನೆರಡು ಮಕ್ಕಳು ಸೈಕಲ್ ಸಮೇತ ಸಾಲಾದರೆ ಉದ್ದ 24 ಮೀಟರ್. 10 ಮೀಟರ್ ಅಗಲದ ರಸ್ತೆ ದಾಟಲು ಮೊದಲ ಮಗುವಿಗೆ ಎಂಟು ಸೆಕೆಂಡು ಸಾಕಾದರೂ ಕೊನೆಯದು ಆಚೆ ಮುಟ್ಟಲು ಅರ್ಧ ನಿಮಿಷ ಬೇಕು. ಜೀಬ್ರಾ ಪಟ್ಟೆಯ ಮೇಲೆ ಮೂರು ಮೂರು ಮಕ್ಕಳನ್ನು ಅಕ್ಕಪಕ್ಕ ನಿಲ್ಲಿಸಿ ಒಟ್ಟಿಗೆ ದಾಟಿಸಿದರೆ ಹದಿನಾಲ್ಕು ಹದಿನೈದು ಸೆಕೆಂಡಿನಲ್ಲಿ ಮುಗಿಯುತ್ತದೆ.

ಹೈಸ್ಕೂಲು, ಪಿಯುಸಿಯ ಮಕ್ಕಳು ಬರುವುದಿಲ್ಲ, ಅವರಿಗೆ ಅಮ್ಮನ ಸ್ಕೂಟರ್ ಸಿಗುತ್ತದೆ. ಅಂಥ ಮನೆಗಳಿಗೆ ಮೋಟಾರು ವಾಹನ ಕಾಯ್ದೆಯ 199ಎ ಕಲಮನ್ನು ಓದಿ ಹೇಳಬೇಕು: ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರು ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ವಾಹನದ ನೋಂದಣಿ ಒಂದು ವರ್ಷ ರದ್ದು, ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಶಾಲೆಯ ಗೇಟಿನ ಮುಂದಿನ ಐವತ್ತು ಮೀಟರೇ ಇಡೀ ದಾರಿಯಲ್ಲಿ ಕೆಟ್ಟದ್ದು, ಅದೂ ಮಕ್ಕಳನ್ನು ಬಿಡಲು ಬಂದ ಕಾರುಗಳಿಂದಲೇ. ಕಾರು ಬಿಡುವ ಜಾಗವನ್ನು ಗೇಟಿನಿಂದ 150 ಮೀಟರ್ ದೂರಕ್ಕೆ ಒಯ್ಯಲು ಮುಖ್ಯೋಪಾಧ್ಯಾಯರು ಒಪ್ಪಿದರೆ ಅರ್ಧ ಯುದ್ಧ ಗೆದ್ದಂತೆ. ಜೊತೆಗೆ ಒಂದು ಕಾರಿನ ಜಾಗ ಕೇಳಿ. ಎರಡೂವರೆಗೆ ಐದು ಮೀಟರಿನ ಆ ಜಾಗದಲ್ಲಿ, ಸೈಕಲ್ಲಿಗೆ 60 ಸೆಂಟಿಮೀಟರಿನಂತೆ, ಎಂಟು ಸೈಕಲ್ ನಿಲ್ಲುತ್ತವೆ. ಮೇಲೆ ಒಂದು ತಗಡಿನ ಮಾಡು, ನೆಲಕ್ಕೆ ಬಿಗಿದ ಪೈಪು, ಬೀಗ ಹಾಕಲು.

ಸಂಜೆಯದ್ದು ಬೇರೆ ಗೋಳು. ಒಬ್ಬರಿಗೆ ಟ್ಯೂಷನ್, ಇನ್ನೊಬ್ಬರಿಗೆ ಕರಾಟೆ, ಎಲ್ಲರೂ ಒಟ್ಟಿಗೆ ಹೊರಡುವುದೇ ಇಲ್ಲ. ಮೊದಲ ತಿಂಗಳುಗಳಲ್ಲಿ ಬೆಳಗಿನ ಸಾಲು ಮಾತ್ರ ಇಟ್ಟುಕೊಂಡು, ಸಂಜೆ ಯಾವ ಮಗುವಿನ ಸೈಕಲ್ ಯಾರ ಜೊತೆ ಮನೆಗೆ ಬರುತ್ತದೆ, ಯಾವುದು ಶಾಲೆಯಲ್ಲೇ ಉಳಿಯುತ್ತದೆ ಎಂಬುದನ್ನು ಹಿಂದಿನ ರಾತ್ರಿಯೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.