ಕುಕ್ಕೆಗೆ ಬಸ್ಸಿದ್ದರೂ ರೈಲೇ ಯಾಕೆ?

"ರಾತ್ರಿ ಬಸ್ಸು ಹತ್ತಿ ಮಲಗಿದರೆ ಬೆಳಗಾಗುವಷ್ಟರಲ್ಲಿ ದೇವಸ್ಥಾನದ ಹತ್ತಿರವೇ ಇಳಿಸ್ತಾರೆ. ನೀವ್ಯಾಕೆ ಮನೆಮಂದಿಯನ್ನೆಲ್ಲ ಕರಕೊಂಡು ಹಗಲೆಲ್ಲ ರೈಲಲ್ಲಿ ಕೂರ್ತೀರಿ?"

ಬೆಂಗಳೂರಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊರಟೆವು ಅಂದರೆ ಸಾಕು, ನೆಂಟರಿಷ್ಟರು ಕೇಳುವುದು ಇದನ್ನೇ. ಕೇಳುವುದರಲ್ಲಿ ನ್ಯಾಯವೂ ಇದೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ, ಅಲ್ಲಿಂದ ಕುಕ್ಕೆಗೆ ಮತ್ತೆ ಸುಮಾರು 12 ಕಿ.ಮೀ. ಜೀಪೋ ಬಸ್ಸೋ ಹಿಡಿಯಬೇಕು.

ನನ್ನ ಮೊದಲ ಕಾರಣ ಅಮ್ಮ. ಮಂಡಿನೋವು, ಶುಗರ್ ಎರಡೂ ಇರುವ ಹೆಂಗಸು ರಾತ್ರಿ ಬಸ್ಸಿನ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ದಾರಿಯಲ್ಲಿ ನಿಲ್ಲಿಸಿ ಅನ್ನಲು ಸಂಕೋಚ, ನಿಲ್ಲಿಸಿದರೂ ಕತ್ತಲಲ್ಲಿ ಇಳಿಯಲು ಭಯ. ಎಷ್ಟೋ ಮನೆಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ರೈಲಿನಲ್ಲಿ ಶೌಚಾಲಯ ನಾಲ್ಕು ಹೆಜ್ಜೆ ದೂರ. ಬೇರೆ ಕಾರಣವೇ ಇಲ್ಲದಿದ್ದರೂ ನಾನು ಇದಕ್ಕಾಗಿಯೇ ರೈಲು ಹತ್ತುತ್ತಿದ್ದೆ.

ಎರಡನೆಯದು ಘಾಟಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ., ಅಷ್ಟರೊಳಗೆ 57 ಸುರಂಗ, 109 ಸೇತುವೆ. ಪ್ರತಿ 50 ಅಡಿಗೆ ಒಂದಡಿ ಇಳಿಜಾರು. ಹಾಗಾಗಿ ರೈಲು ಇಲ್ಲಿ ಓಡುವುದಿಲ್ಲ, ತಡೆದು ತಡೆದು ಇಳಿಯುತ್ತದೆ. ಮೀಟರ್ ಗೇಜ್ ಹಳಿಯ ಮೇಲೆ 1979ರಲ್ಲಿ ಶುರುವಾದ ಮಾರ್ಗವನ್ನು 1996ರಲ್ಲಿ ಬ್ರಾಡ್ ಗೇಜ್ ಕೆಲಸಕ್ಕೆಂದು ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರ್‌ನಲ್ಲಿ. ನಡುವಿನ ವರ್ಷಗಳಲ್ಲಿ ಬೆಳೆದ ನಮ್ಮಂಥವರಿಗೆ ಕುಕ್ಕೆ ಪ್ರಯಾಣವೆಂದರೆ ಶಿರಾಡಿ ಘಾಟಿಯ ತಿರುವು, ವಾಂತಿ, ಮೂಗಿಗೆ ಹಿಡಿದ ನಿಂಬೆಹಣ್ಣು.

ಈಗ ನನ್ನ ಮಕ್ಕಳು ಅದೇ ಬೆಟ್ಟವನ್ನು ಕಿಟಕಿಯಲ್ಲಿ ನೋಡುತ್ತಾರೆ. ಸಕಲೇಶಪುರ ದಾಟುವವರೆಗೂ ಮೊಬೈಲ್‌ಗೆ ಜಗಳ. ಆಮೇಲೆ ಒಂದು ಸುರಂಗ ಬರುತ್ತದೆ. ಬೋಗಿಯ ತುಂಬ ಕೂಗು, ಕಂಬಿಗಳ ಮಧ್ಯದಿಂದ ಒದ್ದೆ ಕಲ್ಲಿನ ತಣ್ಣನೆ ಗಾಳಿ, ಗೋಡೆ ಕೈಗೆಟಕುವಷ್ಟು ಹತ್ತಿರ. ಬೆಳಕಿಗೆ ಬಂದ ಕೂಡಲೇ ಕೆಳಗೆ ಪ್ರಪಾತ, ಹಸಿರಿನೊಳಗೆಲ್ಲೋ ನೀರಿನ ಸದ್ದು. ಅಮ್ಮ ಚಿತ್ರಾನ್ನದ ಡಬ್ಬಿಯ ಮುಚ್ಚಳ ಅರ್ಧ ತೆಗೆದವರು ಹಾಗೇ ಕೂತುಬಿಡುತ್ತಾರೆ. ಯಡಕುಮರಿ, ಸಿರಿಬಾಗಿಲು ಎಂಬ ನಿಲ್ದಾಣಗಳು ಬಂದು ಹೋಗುತ್ತವೆ, ಸುತ್ತ ಬರೀ ಕಾಡು. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ 2021ರಿಂದ ಇದೆ, ಚೆನ್ನಾಗಿಯೇ ಇದೆ. ಆದರೂ ನನ್ನ ಮನಸ್ಸು ಕಿಟಕಿ ತೆರೆಯಬಹುದಾದ ಸೆಕೆಂಡ್ ಸಿಟ್ಟಿಂಗ್ ಕಡೆಗೇ. ಆ ಗಾಳಿ ಗಾಜಿನೊಳಗೆ ಬರುವುದಿಲ್ಲ. ಮಕ್ಕಳನ್ನು ಬಾಗಿಲ ಬಳಿ ಮಾತ್ರ ಬಿಡಬೇಡಿ.

ಹಗಲು ರೈಲಿನಲ್ಲಿ ಹೋದರೆ ಒಂದು ರಾತ್ರಿ ಕುಕ್ಕೆಯಲ್ಲಿ ಉಳಿಯಲೇಬೇಕಾಗುತ್ತದೆ. ನನಗೆ ಅದು ನಷ್ಟ ಅನ್ನಿಸಿಲ್ಲ. ಸರ್ಪಸಂಸ್ಕಾರಕ್ಕೆ ಹೇಗೂ ಎರಡು ದಿನ ಬೇಕು. ಆಶ್ಲೇಷಾ ಬಲಿಯಷ್ಟೇ ಮಾಡಿಸುವವರಿಗೂ ಬೆಳಗ್ಗೆ ಕುಮಾರಧಾರೆಯಲ್ಲಿ ನಿಧಾನವಾಗಿ ಸ್ನಾನ ಮಾಡಿ, ಆದಿ ಸುಬ್ರಹ್ಮಣ್ಯಕ್ಕೂ ಹೋಗಿ ಬರಲು ಸಮಯ ಸಿಗುತ್ತದೆ. ಬೆಳಗ್ಗೆ ಬಸ್ಸಿಳಿದು ಸಂಜೆ ಬಸ್ಸು ಹತ್ತುವವರಿಗೆ ವಯಸ್ಸಾದವರ ಕೈ ಹಿಡಿದು ನಡೆಸಲೂ ಪುರುಸೊತ್ತಿರುವುದಿಲ್ಲ, ಅದನ್ನು ಕಣ್ಣಾರೆ ನೋಡಿದ್ದೇನೆ.

ಜೋರು ಮಳೆಗಾಲದಲ್ಲಿ ಮಾತ್ರ ಹೊರಡುವ ಮುಂಚೆ ವಿಚಾರಿಸಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ಮಾರ್ಗದಲ್ಲಿ ವಾರಗಟ್ಟಲೆ ರೈಲು ನಿಂತಿತ್ತು.

ವಾಪಸ್ ಬರುವಾಗ ರಾತ್ರಿ ರೈಲಾದರೂ ಸರಿ. ಟಿಕೆಟ್ 60 ದಿನ ಮುಂಚಿನಿಂದ ಸಿಗುತ್ತದೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಕೋಟಾ ಇದೆ, ಆದರೆ ಒಂದು ಟಿಕೆಟ್‌ನಲ್ಲಿ ಅಂಥವರು ಒಬ್ಬರೋ ಇಬ್ಬರೋ ಇದ್ದಾಗ ಮಾತ್ರ. ಅದಕ್ಕೇ ಅಪ್ಪ-ಅಮ್ಮನ ಟಿಕೆಟ್ ಬೇರೆ ಮಾಡಿಸಿ, ನಿಮ್ಮದು ಬೇರೆ.