ತಾಜ್ ಮಹಲ್‌ಗೆ ಹೊರಟಿದ್ದೀರಾ? ಮೂರು ಗಂಟೆಯ ಟಿಕೆಟ್ಟನ್ನು ಹೀಗೆ ಬಳಸಿ

ಶುಕ್ರವಾರ ತಾಜ್ ಮಹಲ್ ಮುಚ್ಚಿರುತ್ತದೆ. ಗೊತ್ತಿದ್ದೂ ಎಡವುವವರು ಬಹಳ. ಬುಧವಾರ ರಾತ್ರಿ ವಿಮಾನ ಹತ್ತಿ, ಗುರುವಾರ ದೆಹಲಿ ಸುತ್ತಿ, ಮರುದಿನ ಆಗ್ರಾ ಎಂದು ಲೆಕ್ಕ ಹಾಕಿದರೆ ಅದು ಶುಕ್ರವಾರಕ್ಕೇ ಬಂದು ನಿಲ್ಲುತ್ತದೆ. ಅಂದು ಮಧ್ಯಾಹ್ನ ಸ್ಥಳೀಯರ ನಮಾಜಿಗಷ್ಟೇ ಬಾಗಿಲು ತೆರೆಯುತ್ತಾರೆ. ದೆಹಲಿಯಿಂದ ಬರುವ ಗತಿಮಾನ್ ಎಕ್ಸ್‌ಪ್ರೆಸ್‌ಗೂ ಅದೇ ದಿನ ರಜೆ. ಶನಿವಾರ, ಭಾನುವಾರ ಜನಜಂಗುಳಿ. ಮಂಗಳವಾರದಿಂದ ಗುರುವಾರದೊಳಗೆ ದಿನ ಸಿಕ್ಕರೆ ಬಿಡಬೇಡಿ.

ತಿಂಗಳ ಆಯ್ಕೆಯೂ ಮುಖ್ಯ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಯಮುನೆಯ ಮೇಲೆ ಕವಿಯುವ ಮಂಜಿನಲ್ಲಿ ಬೆಳಗ್ಗೆ ಗುಮ್ಮಟವೇ ಕಾಣದ ದಿನಗಳುಂಟು, ರೈಲುಗಳೂ ಗಂಟೆಗಟ್ಟಲೆ ತಡ. ಮಕ್ಕಳ ಕ್ರಿಸ್‌ಮಸ್ ರಜೆಗೆ ಹೋಗುವವರು ಕನಿಷ್ಠ ಒಂದು ದಿನ ಹೆಚ್ಚುವರಿ ಇಟ್ಟುಕೊಳ್ಳಲೇಬೇಕು. ಮೇ, ಜೂನ್‌ನಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಅಕ್ಟೋಬರ್, ನವೆಂಬರ್ ಮೊದಲ ಭಾಗ, ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ಎರಡು ರಾತ್ರಿ ಕಳೆದು ನೇರ ಆಗ್ರಾ ಕ್ಯಾಂಟ್‌ನಲ್ಲಿ ಇಳಿಯಬಹುದು. ದಾರಿಯಲ್ಲಿ ಭುಸಾವಳ ದಾಟಿದ ಮೇಲೆ ಬರುವ ಬುರ್ಹಾನ್‌ಪುರವನ್ನು ಗಮನಿಸಿ. ಮುಮ್ತಾಜ್ 1631ರಲ್ಲಿ ಹದಿನಾಲ್ಕನೇ ಹೆರಿಗೆಯಲ್ಲಿ ತೀರಿಕೊಂಡದ್ದು ಅಲ್ಲೇ. ಮೊದಲು ಅಲ್ಲೇ ಮಣ್ಣು ಮಾಡಿ, ಸುಮಾರು ಆರು ತಿಂಗಳ ನಂತರ ದೇಹವನ್ನು ಆಗ್ರಾಕ್ಕೆ ತಂದರು.

ದೆಹಲಿಯಿಂದಾದರೆ ಗತಿಮಾನ್‌ನಲ್ಲಿ ಒಂದು ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ. ಕಾರಿನಲ್ಲಿ 165 ಕಿ.ಮೀ. ಉದ್ದದ ಯಮುನಾ ಎಕ್ಸ್‌ಪ್ರೆಸ್‌ವೇ ಸೇರಿ ನಾಲ್ಕು ಗಂಟೆ ಎಂದುಕೊಳ್ಳಿ. ಆದರೆ ಬೆಳಗ್ಗೆ ದೆಹಲಿ ಬಿಟ್ಟು ರಾತ್ರಿ ಮರಳುವ ಯೋಜನೆಯಲ್ಲಿ ಒಂದು ತೊಂದರೆ ಇದೆ: ನೀವು ಗೇಟಿಗೆ ಬರುವುದು ಹತ್ತು ಹತ್ತೂವರೆಗೆ, ಎಲ್ಲ ಪ್ರವಾಸಿ ಬಸ್ಸುಗಳೂ ಬರುವುದು ಆಗಲೇ. ಹಿಂದಿನ ಸಂಜೆಯೇ ಬಂದು ಪೂರ್ವ ಗೇಟಿನ ಹತ್ತಿರ ತಂಗುವುದು ಖರ್ಚಾದರೂ ಸರಿಯಾದ ದಾರಿ. ಕ್ಯಾಂಟ್ ನಿಲ್ದಾಣದಿಂದ ತಾಜ್ ಸುಮಾರು 6 ಕಿ.ಮೀ.; ಪ್ರೀಪೇಯ್ಡ್ ಆಟೊ ತೆಗೆದುಕೊಳ್ಳಿ. "ನಿಮ್ಮ ಹೋಟೆಲ್ ಮುಚ್ಚಿದೆ, ಬೇರೆ ತೋರಿಸುತ್ತೇನೆ" ಎನ್ನುವವರ ಮಾತು ಕೇಳಬೇಡಿ. ಅವರ ಕಣ್ಣೆಲ್ಲ ಕಮಿಷನ್ ಮೇಲೆ.

ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಬಾಗಿಲು ತೆರೆಯುತ್ತದೆ, ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲು ಮುಚ್ಚುತ್ತದೆ. ಒಳಗೆ ಹೋಗಲು ಪೂರ್ವ ಮತ್ತು ಪಶ್ಚಿಮ ಗೇಟುಗಳು ಮಾತ್ರ. ಗೇಟಿನ ಸಮೀಪಕ್ಕೆ ಪೆಟ್ರೋಲ್, ಡೀಸೆಲ್ ವಾಹನ ಬಿಡುವುದಿಲ್ಲ. ಪೂರ್ವದ ಕಡೆ ಶಿಲ್ಪಗ್ರಾಮದಲ್ಲಿ ಕಾರು ನಿಲ್ಲಿಸಿ ಬ್ಯಾಟರಿ ಗಾಡಿ ಹತ್ತಬೇಕು, ಇಲ್ಲವೇ ನಡೆಯಬೇಕು. ವಯಸ್ಸಾದವರಿದ್ದರೆ ಗಾಡಿಯೇ ವಾಸಿ, ಒಳಗೆ ನಡೆಯುವುದು ಬೇಕಾದಷ್ಟಿದೆ.

ಭಾರತೀಯರಿಗೆ ಟಿಕೆಟ್ 50 ರೂಪಾಯಿ. ಅಮೃತಶಿಲೆಯ ಜಗಲಿ ಹತ್ತಿ ಗೋರಿಯ ಕೋಣೆ ನೋಡಲು ಇನ್ನೂ 200. ವಿದೇಶಿ ಪಾಸ್‌ಪೋರ್ಟ್ ಇದ್ದವರಿಗೆ 1,100, ಮೇಲೆ ಅದೇ 200. ಅಮೆರಿಕದ ಪೌರತ್ವ ಪಡೆದ ಮಗನನ್ನೋ ಮಗಳನ್ನೋ ಕರೆದೊಯ್ಯುವವರು ಇದನ್ನು ನೆನಪಿಡಿ. 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಪುರಾತತ್ವ ಇಲಾಖೆಯ ಜಾಲತಾಣದಲ್ಲಿ ಹಿಂದಿನ ದಿನವೇ ಎರಡನ್ನೂ ಒಟ್ಟಿಗೆ ಕೊಂಡುಬಿಡಿ. 200 ಉಳಿಸಿ ತೋಟದಿಂದಲೇ ವಾಪಸಾದರೆ ಬಂದದ್ದೇ ದಂಡ, ಕೆತ್ತನೆಯೆಲ್ಲ ಇರುವುದು ಜಗಲಿಯ ಮೇಲೆ.

ತಪಾಸಣೆಯಲ್ಲಿ ಸಾಲು ನಿಲ್ಲುವುದು ಜನರಿಗಿಂತ ಹೆಚ್ಚಾಗಿ ಬ್ಯಾಗುಗಳಿಂದ. ತಿಂಡಿ, ಬೀಡಿ ಸಿಗರೇಟು, ಗುಟ್ಕಾ, ಬೆಂಕಿಪೊಟ್ಟಣ, ಚಾಕು, ಟ್ರೈಪಾಡ್, ಲ್ಯಾಪ್‌ಟಾಪ್ ಒಳಗೆ ಬಿಡುವುದಿಲ್ಲ. ಡ್ರೋನ್ ಹಾರಿಸಿದರೆ ಪೊಲೀಸ್ ಕೇಸು. ಪವರ್ ಬ್ಯಾಂಕ್, ಚಾರ್ಜರ್, ಹೆಡ್‌ಫೋನ್‌ಗಳಿಗೂ ತಕರಾರು ಬರಬಹುದು. ಒಬ್ಬರ ಬ್ಯಾಗಿನಲ್ಲಿ ಏನೋ ಸಿಕ್ಕಿತೆಂದರೆ ಲಾಕರ್‌ವರೆಗೆ ಹೋಗಿ ಮತ್ತೆ ಸಾಲಿನ ಕೊನೆಗೆ ನಿಲ್ಲಬೇಕು. ಮೊಬೈಲು, ಪರ್ಸು, ನೀರಿನ ಬಾಟಲಿ, ಆಧಾರ್ ಇಷ್ಟೇ ಸಾಕು.

ಟಿಕೆಟ್ ಅವಧಿ ಮೂರು ಗಂಟೆ. ಮುಖ್ಯ ದ್ವಾರ ದಾಟಿದೊಡನೆ ಎಲ್ಲರೂ ನಿಂತು ಫೋಟೊ ತೆಗೆಯತೊಡಗುತ್ತಾರೆ, ಅರ್ಧ ಗಂಟೆ ಅಲ್ಲೇ ಕರಗುತ್ತದೆ. ನೀವು ಒಂದು ಕ್ಷಣ ನೋಡಿ ನೇರ ಮುಂದೆ ನಡೆಯಿರಿ. ಬೆಳಗಿನ ಮೊದಲ ಗಂಟೆಯಲ್ಲಿ ಗೋರಿಯ ಕೋಣೆಗೆ ಸಾಲು ಕಡಿಮೆ, ಒಂಬತ್ತರ ಮೇಲೆ ಅದೇ ಸಾಲು ಜಗಲಿಯನ್ನೇ ಸುತ್ತುತ್ತದೆ. ಒಳಗೆ ನೋಡಿ ಮುಗಿಸಿ, ಹಿಂತಿರುಗುವಾಗ ಕೊಳದ ಬಳಿ ಫೋಟೊ ತೆಗೆದುಕೊಳ್ಳಿ. ಜಗಲಿಗೆ ಚಪ್ಪಲಿ ಕಳಚಬೇಕು ಅಥವಾ ಅದರ ಮೇಲೆ ಬಟ್ಟೆಯ ಗವಸು ಹಾಕಬೇಕು. ಬೇಸಿಗೆಯಲ್ಲಿ ಹೋದವರು ಕಾಲುಚೀಲ ಮರೆಯಬೇಡಿ, ಸುತ್ತಲಿನ ಕೆಂಪು ಕಲ್ಲು ಸುಡುತ್ತದೆ.

ಕೋಣೆಯಲ್ಲಿ ಫೋಟೊ ನಿಷಿದ್ಧ, ಕಾವಲುಗಾರರು ನಿಲ್ಲಲೂ ಬಿಡುವುದಿಲ್ಲ. ಹಾಗಾಗಿ ಏನು ನೋಡಬೇಕೆಂದು ಮೊದಲೇ ತಿಳಿದಿರಲಿ. ಅಮೃತಶಿಲೆಯ ಎಂಟು ಮೂಲೆಯ ಜಾಲಿಯೊಳಗೆ ಸರಿಯಾಗಿ ನಡುವೆ ಇರುವುದು ಮುಮ್ತಾಜಳ ಗೋರಿ. ಪಕ್ಕದಲ್ಲಿ ಪಶ್ಚಿಮಕ್ಕೆ ಸರಿದ ದೊಡ್ಡದು ಷಾಜಹಾನನದು. ಇಡೀ ಕಟ್ಟಡದ ಎಡಬಲದ ಹೊಂದಿಕೆ ತಪ್ಪುವುದು ಅದೊಂದರಿಂದಲೇ. ನಿಜವಾದ ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ; ಷಾಜಹಾನನ ಉರುಸಿನ ಮೂರು ದಿನ ಮಾತ್ರ ಅದನ್ನು ತೆರೆಯುತ್ತಾರೆ.

ಹೊರಗೆ ಬಂದು ಗೋಡೆಗೆ ಹತ್ತಿರ ಹೋಗಿ, ಆದರೆ ಮುಟ್ಟಬೇಡಿ. ಕೆಳಸಾಲಿನಲ್ಲಿ ಅಮೃತಶಿಲೆಯನ್ನೇ ಕೊರೆದು ಎಬ್ಬಿಸಿದ ಹೂಗಿಡಗಳಿವೆ, ಎಲೆ ಮಡಿಚಿದ ಅಂಚೂ ಕಾಣುತ್ತದೆ. ಕಮಾನಿನ ಬಳ್ಳಿಗಳದ್ದು ಬೇರೆ ಕೆಲಸ: ಮಕ್ರಾನಾದ ಬಿಳಿ ಕಲ್ಲಿನಲ್ಲಿ ಕುಳಿ ತೋಡಿ, ಬಣ್ಣದ ಕಲ್ಲಿನ ತೆಳು ಚೂರುಗಳನ್ನು ಅಳತೆಗೆ ಸರಿಯಾಗಿ ಉಜ್ಜಿ ಕೂರಿಸಿದ ಪಚ್ಚೀಕಾರಿ. ಗೈಡುಗಳು ಟಾರ್ಚ್ ಹಿಡಿದಾಗ ಕೆಂಪು ಕಾರ್ನೇಲಿಯನ್ ಚೂರು ಕೆಂಡದಂತೆ ಹೊಳೆಯುತ್ತದೆ, ನೀಲಿ ಲ್ಯಾಪಿಸ್ ಹೊಳೆಯುವುದಿಲ್ಲ. ಕಮಾನಿನ ಸುತ್ತಲಿನ ಅಕ್ಷರಗಳು ಮೇಲೆ ಹೋದಂತೆ ದೊಡ್ಡದಾಗುತ್ತವೆ, ಕೆಳಗಿನಿಂದ ನೋಡುವವರಿಗೆ ಎಲ್ಲವೂ ಒಂದೇ ಅಳತೆ. ವಿಜಯಪುರದ ಇಬ್ರಾಹಿಂ ರೋಜಾ ನೋಡಿದವರು ಮಿನಾರುಗಳನ್ನು ಹೋಲಿಸಿ ನೋಡಬಹುದು. ಅಲ್ಲಿ ಅವು ಕಟ್ಟಡದ ಮೂಲೆಗೇ ಅಂಟಿವೆ, ಇಲ್ಲಿ ಜಗಲಿಯ ಮೂಲೆಗಳಿಗೆ ಸರಿದು ಒಂದಿಷ್ಟು ಹೊರಕ್ಕೆ ವಾಲಿವೆ. ಷಾಜಹಾನ್ ಶಿಲ್ಪಿಗಳ ಕೈ ಕತ್ತರಿಸಿದ ಕತೆ, ನದಿಯಾಚೆ ತನಗಾಗಿ ಕಪ್ಪು ತಾಜ್ ಕಟ್ಟಹೊರಟ ಕತೆ ಹೇಳುವ ಗೈಡ್ ಸಿಕ್ಕರೆ ನಕ್ಕು ಸುಮ್ಮನಾಗಿ. ಎರಡಕ್ಕೂ ಪುರಾವೆ ಇಲ್ಲ. ಗೈಡ್ ಬೇಕೇ ಬೇಕೆಂದರೆ ಸರ್ಕಾರದ ಗುರುತಿನ ಚೀಟಿ ನೋಡಿ, ದರ ಮೊದಲೇ ಮಾತಾಡಿ.

ಬೆಳಗ್ಗೆ ಫೋಟೊಗೆ ಪೂರ್ವದ ಕೆಂಪು ಕಟ್ಟಡದ ಕಡೆ ನಿಲ್ಲಿ, ಬಿಸಿಲು ಬೆನ್ನ ಹಿಂದಿನಿಂದ ಗೋಡೆಯ ಮೇಲೆ ಬೀಳುತ್ತದೆ. ಸಂಜೆಯಾದರೆ ಪಶ್ಚಿಮದ ಮಸೀದಿಯ ಕಡೆ.

ಹುಣ್ಣಿಮೆ, ಅದರ ಹಿಂದಿನ ಎರಡು ಮತ್ತು ಮುಂದಿನ ಎರಡು ರಾತ್ರಿ ಬೆಳದಿಂಗಳಲ್ಲಿ ತೋರಿಸುತ್ತಾರೆ. ಶುಕ್ರವಾರ ಮತ್ತು ರಂಜಾನ್ ತಿಂಗಳು ಇಲ್ಲ. ರಾತ್ರಿ 8.30ರಿಂದ 12.30ರವರೆಗೆ ಐವತ್ತೈವತ್ತು ಜನರ ಎಂಟು ತಂಡ, ತಲಾ ಅರ್ಧ ಗಂಟೆ. ಮುಖ್ಯ ದ್ವಾರದ ಬಳಿಯಿಂದಲೇ ನೋಡಬೇಕು, ಹತ್ತಿರ ಬಿಡುವುದಿಲ್ಲ. ಹಗಲು ಒಮ್ಮೆ ನೋಡಿದವರಿಗೆ ಇದು ಚೆಂದ, ಇದೊಂದನ್ನೇ ನಂಬಿ ಹೋದವರಿಗೆ ನಿರಾಸೆ.

ಉಳಿದ ಅರ್ಧ ದಿನಕ್ಕೆ ಆಗ್ರಾ ಕೋಟೆ ಇದೆ. ತಾಜ್ ಈಸ್ಟ್ ಗೇಟ್ ನಿಲ್ದಾಣದಿಂದ ಮೆಟ್ರೊ ನೇರ ಅಲ್ಲಿಗೆ ಹೋಗುತ್ತದೆ. 1658ರಿಂದ 1666ರಲ್ಲಿ ಸಾಯುವವರೆಗೆ ಮಗ ಔರಂಗಜೇಬನ ಸೆರೆಯಲ್ಲಿದ್ದ ಷಾಜಹಾನ್ ತಾಜ್ ನೋಡುತ್ತಿದ್ದನೆನ್ನುವ ಮುಸಮ್ಮನ್ ಬುರ್ಜ್ ಇರುವುದು ಇಲ್ಲೇ. ಸಂಜೆ ನದಿಯಾಚೆ ಹೋಗಿ, ಮೊದಲು ನೂರ್ ಜಹಾನಳ ತಂದೆ ಇತಿಮಾದುದ್ದೌಲಾನ ಗೋರಿ, ಆಮೇಲೆ ಸೂರ್ಯಾಸ್ತಕ್ಕೆ ತಾಜ್‌ನ ಎದುರು ದಡದ ತೋಟ ಮೆಹ್ತಾಬ್ ಬಾಗ್. ಎದುರಿಗೇ ಕಾಣುವ ಮೆಹ್ತಾಬ್ ಬಾಗ್‌ಗೆ ಸೇತುವೆ ಸುತ್ತಿಕೊಂಡು ಹೋಗಬೇಕು, ಸಮಯ ಇಟ್ಟುಕೊಳ್ಳಿ. ಶುಕ್ರವಾರ ಸಿಕ್ಕಿಬಿದ್ದವರಿಗೂ ತಾಜ್ ಕಾಣುವ ಜಾಗ ಇದು.

ಪೇಠಾ ಅಂದರೆ ನಮ್ಮ ಬೂದುಗುಂಬಳದ ಸಿಹಿ. ಊರಿಗೆ ತರುವುದಾದರೆ ಒಣ ಪೇಠಾ ಕೊಳ್ಳಿ, ಪಾಕದ ಅಂಗೂರಿ ಪೇಠಾ ಚೀಲದಲ್ಲಿ ಸೋರುತ್ತದೆ. ಬೀದಿಯಲ್ಲಿ "ಮಾರ್ಬಲ್ ತಾಜ್" ಎಂದು ಅಗ್ಗಕ್ಕೆ ಕೊಡುವುದು ಬಹುಪಾಲು ಗೊರಾರಾ, ಅಂದರೆ ಬೇಲೂರು ಹಳೇಬೀಡಿನಲ್ಲಿ ನಾವು ನೋಡುವ ಬಳಪದ ಕಲ್ಲಿನ ಜಾತಿ. ತಳವನ್ನು ಉಗುರಿನಿಂದ ಕೆರೆದರೆ ಪುಡಿ ಬರುತ್ತದೆ, ಅಮೃತಶಿಲೆಯಲ್ಲಿ ಬರುವುದಿಲ್ಲ. ಬಳಪದ ಕಲ್ಲೆಂದು ತಿಳಿದು ಆ ಬೆಲೆಗೆ ಚೌಕಾಸಿ ಮಾಡಿ ಕೊಂಡರೆ ತಪ್ಪೇನಿಲ್ಲ.