ಗಯೆಯಿಂದ ಬೋಧಗಯೆಗೆ, ಅಮ್ಮನ ಜೊತೆ

ಗಯೆಗೆ ಹೋಗಿದ್ದು ಅಪ್ಪನ ಶ್ರಾದ್ಧಕ್ಕೆ. ವಿಷ್ಣುಪಾದದಲ್ಲಿ ಪಿಂಡ ಇಟ್ಟಾಯಿತು, ಫಲ್ಗುವಿನ ಮರಳಲ್ಲಿ ಓಡಾಡಿದ್ದಾಯಿತು. ಅಕ್ಷಯವಟದ ಕೆಳಗೆ ಅಮ್ಮ ತನಗೆ ಪ್ರಾಣವಾದ ಹಲಸಿನ ಹಣ್ಣನ್ನು ಬಿಟ್ಟಳು. ಇನ್ನು ಬದುಕಿರುವ ತನಕ ಮುಟ್ಟುವಂತಿಲ್ಲ. ಬೆಳಗಿನಿಂದ ಎಲ್ಲದಕ್ಕೂ ಅವಸರ. ಅಪ್ಪನನ್ನು ನೆನೆಯಲಿಕ್ಕೇ ಪುರುಸೊತ್ತು ಸಿಗಲಿಲ್ಲ. ರೈಲು ರಾತ್ರಿಗಿತ್ತು. ಬೋಧಗಯೆ ಹತ್ತಿರವೇ ಎಂದು ಆಟೋ ಹಿಡಿದೆವು.

ಮೊಬೈಲ್ ಒಳಗೆ ಬಿಡುವುದಿಲ್ಲ, ಕೌಂಟರಿನಲ್ಲಿ ಕೊಟ್ಟೆವು. ಮಹಾಬೋಧಿ ಗುಡಿಗೆ ಮೆಟ್ಟಿಲು ಹತ್ತಿ ಹೋಗುವುದಲ್ಲ, ಇಳಿದು ಹೋಗುವುದು. ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದೆ. ಐವತ್ತು ಮೀಟರ್ ಎತ್ತರದ ಗೋಪುರ ಇಳಿಯುತ್ತ ಇಳಿಯುತ್ತ ಇನ್ನೂ ಎತ್ತರವಾಗುತ್ತದೆ. ಗರ್ಭಗುಡಿಯ ಬುದ್ಧನ ಬಲಗೈ ಬೆರಳು ನೆಲ ಮುಟ್ಟಿದೆ, ಭೂಮಿಯನ್ನೇ ಸಾಕ್ಷಿಗೆ ಕರೆದ ಭಂಗಿ. ಅಲ್ಲಿ ಜನ ಬಹಳ, ನಿಲ್ಲಲಾಗಲಿಲ್ಲ.

ಗುಡಿಯ ಹಿಂದೆ, ಪಶ್ಚಿಮಕ್ಕೆ, ಅರಳಿಮರ. ಕೊಂಬೆಗಳಿಗೆ ಕಬ್ಬಿಣದ ಊರೆ ಕೊಟ್ಟಿದ್ದಾರೆ. ಬಿಳಿ ಬಟ್ಟೆಯ ಸಿಂಹಳದವರು ಮಂತ್ರ ಹೇಳುತ್ತಿದ್ದರು. ಅತ್ತ ಟಿಬೆಟಿನ ಅಜ್ಜಿಯೊಬ್ಬಳು ಹಲಗೆಯ ಮೇಲೆ ಉದ್ದಂಡ ನಮಸ್ಕಾರ ಹಾಕುತ್ತಿದ್ದಳು. ಏಳುವುದು, ಕೈ ಜೋಡಿಸುವುದು, ಮತ್ತೆ ಸರ್ರನೆ ಜಾರಿ ಮಲಗುವುದು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅಮ್ಮ ಪಿಸುಗುಟ್ಟಿದಳು: "ಇಲ್ಲೂ ಏನಾದ್ರೂ ಬಿಡಬೇಕಾ?"

"ಏನೂ ಬೇಡಮ್ಮ, ಸುಮ್ನೆ ಕೂತ್ಕೋ."

ಮರದ ಕತೆ ಹೇಳಿದೆ. ಬುದ್ಧ ಕೂತ ಮರ ಇದಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕನ ಮಗಳು ಸಂಘಮಿತ್ರೆ ಅದರ ಕೊಂಬೆಯನ್ನು ಸಿಂಹಳಕ್ಕೆ ಒಯ್ದಳು, ಅನುರಾಧಪುರದಲ್ಲಿ ಅದು ಇಂದಿಗೂ ಬದುಕಿದೆ. ಇಲ್ಲಿನದನ್ನು ಬಂಗಾಳದ ಗೌಡ ದೇಶದ ರಾಜ ಶಶಾಂಕ ಕಡಿಸಿದನೆಂದು ಹ್ಯೂಯೆನ್‌ತ್ಸಾಂಗ್ ಬರೆದಿದ್ದಾನೆ. ಮತ್ತೆ ಬೆಳೆದು ಮುದಿಯಾದದ್ದು 1876ರ ಬಿರುಗಾಳಿಗೆ ಉರುಳಿತು. 1881ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಕನ್ನಿಂಗ್‌ಹ್ಯಾಂ ಅದರದೇ ಸಸಿ ನೆಡಿಸಿದ.

"ಹಾಗಾದ್ರೆ ಇದು ಮೊಮ್ಮಗ," ಅಂದಳು ಅಮ್ಮ. ನನ್ನ ಪುರಾತತ್ವಕ್ಕಿಂತ ಅವಳ ಮಾತೇ ಸರಿಯಾಗಿತ್ತು.

ಹೊರಡುವ ಮುನ್ನ ಅನಿಮೇಷಲೋಚನಕ್ಕೆ ಕರೆದುಕೊಂಡು ಹೋದೆ. ಜ್ಞಾನೋದಯದ ನಂತರದ ಎರಡನೆಯ ವಾರ ಬುದ್ಧ ನೆರಳು ಕೊಟ್ಟ ಮರವನ್ನು ರೆಪ್ಪೆ ಮಿಟುಕಿಸದೆ ನೋಡುತ್ತ ನಿಂತದ್ದು ಇಲ್ಲಿಯೇ ಎನ್ನುತ್ತಾರೆ. ಬುದ್ಧನ ಕತೆಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದು.

"ಒಂದು ವಾರವಾ?" ಅಂದಳು. ಆಸ್ಪತ್ರೆಯಲ್ಲಿ ಕೊನೆಯ ಒಂಬತ್ತು ದಿನ ಅಪ್ಪನ ಮುಖ ನೋಡುತ್ತ ಕೂತಿದ್ದವಳು ಅವಳು. ಸೆರಗು ಹೊದ್ದು ಮರದ ಕಡೆ ತಿರುಗಿ ನಿಂತಳು. ಆಟೋದವನಿಗೆ ಕೊಟ್ಟಿದ್ದ ಸಮಯ ಮೀರಿತ್ತು. ನಾನು ಕರೆಯಲಿಲ್ಲ.